ಪ್ರಕಟಿಸುವ ಮುನ್ನ ಒಂದು ಫೋನ್

ಹಿಲ್‌ಸೈಡ್ ಅವೆನ್ಯೂವಿನ ಆ ಸೀರೆ ಅಂಗಡಿಯ ಪಕ್ಕದ ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ, ಲ್ಯಾಪ್‌ಟಾಪಿನ ಚೀಲ ಹೊತ್ತು ಹತ್ತಿದವರಿಗೆ ಮೇಲೆ ತಲುಪಿದ ಮೇಲೆ ಎರಡು ನಿಮಿಷ ಮಾತು ಹೊರಡುತ್ತಿರಲಿಲ್ಲ. ಆ ಎರಡು ನಿಮಿಷವನ್ನು ಮೇಲಿನ ಕಚೇರಿಯಲ್ಲಿದ್ದ ಆಂಟಿ ತುಂಬುತ್ತಿದ್ದರು. ತಿಂಡಿ ಆಯಿತೇ, ಪೆನ್ ಸ್ಟೇಷನ್ನಿನಲ್ಲಿ ರೈಲು ತಪ್ಪಿತೇ, ಸಮರ್‌ಸೆಟ್‌ನಲ್ಲಿ ಎಷ್ಟು ಸ್ನೋ ಬಿತ್ತು, ಇಷ್ಟು ತೆಳ್ಳನೆಯ ಜಾಕೆಟ್ ಹಾಕಿಕೊಂಡು ಯಾರಿಗೆ ತೋರಿಸಬೇಕಾಗಿದೆ. ನನಗೆ ಉಸಿರು ಮರಳುವಷ್ಟರಲ್ಲಿ ಅವರೇ ಪ್ರಶ್ನೆ ಕೇಳಿ ಅವರೇ ಉತ್ತರ ಹೇಳಿ ಮುಗಿಸಿರುತ್ತಿದ್ದರು.

ಆ ಮಹಡಿಯಲ್ಲಿ ಇದ್ದದ್ದು ನಮ್ಮ ದೇಶದವರಿಗಾಗಿ ಇಂಗ್ಲಿಷಿನಲ್ಲಿ ಹೊರಡುತ್ತಿದ್ದ ಒಂದು ವಾರಪತ್ರಿಕೆಯ ಕಚೇರಿ. ದೊಡ್ಡ ಬ್ಯಾಂಕುಗಳು ಮುಳುಗಿದ ಮರುವರ್ಷದ ಚಳಿಗಾಲ ಅದು. ಬೆಳಗಿನ ರೈಲಿನಲ್ಲಿ ನಿಲ್ಲಲೂ ಜಾಗ ಸಿಗದಿದ್ದ ನನಗೆ ಕಿಟಕಿ ಪಕ್ಕದ ಸೀಟೇ ಸಿಗತೊಡಗಿತ್ತು. ಖಾಲಿ ಸೀಟು ಕಂಡು ಖುಷಿಪಡಲು ಮಾತ್ರ ಮನಸ್ಸಾಗುತ್ತಿರಲಿಲ್ಲ. ನಾನು ಸಮರ್‌ಸೆಟ್‌ನ ಆಫೀಸ್ ಪಾರ್ಕಿನಲ್ಲಿದ್ದ, ವೆಬ್‌ಸೈಟು ಮಾಡಿಕೊಡುವ ಐದು ಜನರ ಸಣ್ಣ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದವಳು. ಐದು ಎಂದೆನಲ್ಲ, ಕ್ರಿಸ್‌ಮಸ್ ಕಳೆಯುವಷ್ಟರಲ್ಲಿ ಅದು ಮೂರಾಗಿತ್ತು. ಆಗೆಲ್ಲ ನನ್ನ ಹಾಗೆ ಎಚ್-ಒನ್ ಎಂಬ ಕೆಲಸದ ವೀಸಾದಲ್ಲಿದ್ದವರಿಗೆ ಕೆಲಸ ಹೋದ ದಿನದಿಂದಲೇ ಈ ದೇಶದಲ್ಲಿ ಕಾಲೂರಲು ನೆಲೆಯಿರಲಿಲ್ಲ. ಹಾಗಾಗಿ ಬಾಸ್ ಯಾವ ಕೆಲಸ ಕೊಟ್ಟರೂ ಹೂಂ ಅನ್ನುವುದೊಂದೇ ನನಗೆ ಗೊತ್ತಿದ್ದ ದಾರಿ.

ನಮ್ಮ ಗಿರಾಕಿಯಾಗಿದ್ದ ಪತ್ರಿಕೆಯ ಯಜಮಾನರು ಕುಂದಾಪುರದ ಕಡೆಯವರು, ಹೋಟೆಲಿನಿಂದ ಮೇಲೆ ಬಂದವರು, ಪತ್ರಿಕೆಯನ್ನು ಬರೀ ಹಠಕ್ಕೆ ನಡೆಸುತ್ತಿದ್ದವರು. ಮನೆ ಮಾರಿಸುವವರು, ಮನೆಸಾಲ ಕೊಡಿಸುವವರು, ಟ್ರಾವೆಲ್ ಏಜೆಂಟರು, ಎಲ್ಲರ ಜಾಹೀರಾತೂ ಒಂದೊಂದಾಗಿ ನಿಂತಿತ್ತು. ಉಳಿದದ್ದು ಓದುಗರು ಕಳಿಸುವ ಸಣ್ಣ ಪ್ರಕಟಣೆಗಳು: ಬಾಡಿಗೆಗೆ ಕೋಣೆ, ಊಟದ ಡಬ್ಬಿ, ಟ್ಯೂಷನ್, ಸಂಗೀತ ಪಾಠ, ನಿಧನ ವಾರ್ತೆ. ಇವನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಆಂಟಿ ಒಬ್ಬರೇ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹುಟ್ಟಿ ಬೆಳೆದವರು. ಇಲ್ಲಿ ಗಂಡ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಸೇರಿ ಹತ್ತು ವರ್ಷ ದಾಟಿತ್ತು.

ಯಜಮಾನರು ನನಗೆ ವಹಿಸಿದ್ದು ಸ್ಪಷ್ಟವಾಗಿತ್ತು. ಆಂಟಿ ಕೈಯಾರೆ ಮಾಡುವುದನ್ನೆಲ್ಲ ವೆಬ್‌ಸೈಟು ತಾನಾಗಿ ಮಾಡಬೇಕು. ಅದು ಸರಿಯಾಗಿ ನಡೆದರೆ ಮಾರ್ಚ್ ಕೊನೆಗೆ ಆಂಟಿಗೆ ಕೆಲಸ ಇಲ್ಲ. ಇದನ್ನು ಅವರು ನನ್ನನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿಕೊಂಡು ದನಿ ತಗ್ಗಿಸಿ ಹೇಳಿದರು. ಇಷ್ಟು ವರ್ಷ ಒಟ್ಟಿಗಿದ್ದವರಿಗೆ ಹೇಗೆ ಹೇಳುವುದೋ ಗೊತ್ತಾಗುತ್ತಿಲ್ಲ, ಸದ್ಯಕ್ಕೆ ನೀವೂ ಬಾಯಿ ಬಿಡಬೇಡಿ ಎಂದರು. ನಾನು ಹೂಂ ಅಂದೆ.

ಪತ್ರಿಕೆಯ ಸೈಟು ಒಂದು ಉಚಿತ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ ಮೇಲೆ ನಿಂತಿತ್ತು. ಬರಹ ಸೇರಿಸುವುದು, ತಿದ್ದುವುದು, ಪ್ರಕಟಿಸುವುದು, ಇಷ್ಟನ್ನು ಅದು ಬಂದ ಹಾಗೆಯೇ ಮಾಡುತ್ತದೆ. ಅದಕ್ಕಿಂತ ಹೆಚ್ಚಿನದು ಬೇಕೆಂದರೆ ನಾವೇ ಸೇರಿಸಬೇಕು. ನನಗಿಂತ ಮುಂಚೆ ಯಾರೋ ಪುಣ್ಯಾತ್ಮ ಅದರ ಮೂಲ ಕೋಡಿಗೇ ಕೈ ಹಾಕಿ ಅಲ್ಲೊಂದು ಇಲ್ಲೊಂದು ಸಾಲು ತಿದ್ದಿದ್ದ. ಹಾಗೆ ತಿದ್ದಿದರೆ ಹೊಸ ಆವೃತ್ತಿ ಹಾಕಿದ ದಿನ ಎಲ್ಲ ಅಳಿಸಿಹೋಗುತ್ತದೆ. ಹೋಗಿಯೂ ಇತ್ತು. ಸರಿಯಾದ ದಾರಿಯೆಂದರೆ ಹುಕ್. ಸಿಸ್ಟಂನಲ್ಲಿ ಏನಾದರೂ ನಡೆದಾಗಲೆಲ್ಲ ಅದು ಒಂದು ಕೂಗು ಹಾಕುತ್ತದೆ: ಈಗ ಸೇವ್ ಆಗಲಿದೆ, ಸೇವ್ ಆಯಿತು, ಈಗ ಪ್ರಕಟವಾಗಲಿದೆ, ಪ್ರಕಟವಾಯಿತು. ಆ ಕೂಗಿಗೆ ನಮ್ಮ ಕೋಡನ್ನು ಕಟ್ಟಿಟ್ಟರೆ ಆಗ ಮಾತ್ರ ಅದು ಓಡುತ್ತದೆ. ಮದುವೆಮನೆಯಲ್ಲಿ ‘ಬೀಗರು ಬಂದ ಕೂಡಲೇ ನನ್ನನ್ನು ಕರೆಯಿರಿ’ ಎಂದು ಹೇಳಿಟ್ಟ ಹಾಗೆ. ಮದುವೆಯ ತಂಟೆಗೆ ನಾವು ಹೋಗುವುದಿಲ್ಲ, ಕರೆದಾಗ ಎದ್ದು ಹೋಗಿ ನಮ್ಮ ಕೆಲಸ ಮಾಡುತ್ತೇವೆ. ಮೂಲ ಕೋಡನ್ನು ಮುಟ್ಟದೆಯೇ ಸೈಟಿನ ನಡವಳಿಕೆ ಬದಲಾಗುತ್ತದೆ. ನನಗೆ ಈ ಏರ್ಪಾಡು ಬಹಳ ಇಷ್ಟ. ಇವತ್ತಿಗೂ ಇಷ್ಟ.

ಹಾಗಾಗಿ ಪ್ರತಿ ಗುರುವಾರ ಆಂಟಿಯ ಪಕ್ಕ ಒಂದು ಮಡಚುವ ಕುರ್ಚಿ ಹಾಕಿಕೊಂಡು ಕುಳಿತೆ. ಪತ್ರಿಕೆ ಶುಕ್ರವಾರ ಅಚ್ಚಿಗೆ ಹೋಗುತ್ತಿದ್ದರಿಂದ ಗುರುವಾರ ಅವರ ಮೇಜಿನ ಮೇಲೆ ಕಾಗದದ ರಾಶಿ ಇರುತ್ತಿತ್ತು. ಫ್ಯಾಕ್ಸಿನಲ್ಲಿ ಬಂದದ್ದು, ಇಮೇಲಿನಲ್ಲಿ ಬಂದದ್ದು, ದಿನಸಿ ಅಂಗಡಿಯ ರಸೀತಿಯ ಹಿಂದೆ ಬರೆದುಕೊಟ್ಟು ಹೋದದ್ದು. ನಾನು ಬಂದದ್ದು ‘ಹೊಸ ಸಾಫ್ಟ್‌ವೇರಿಗೆ ನೋಟ್ಸ್ ತೆಗೆದುಕೊಳ್ಳಲು’ ಎಂದಷ್ಟೇ ಅವರಿಗೆ ತಿಳಿಸಲಾಗಿತ್ತು. ಆಂಟಿ ಹೇಳಿಕೊಡುವುದರಲ್ಲಿ ಜಿಪುಣತನ ತೋರಿಸುವವರಲ್ಲ. ಫೋನ್ ನಂಬರಿನಲ್ಲಿ ಒಂದಂಕಿ ಕಡಿಮೆ ಇದ್ದರೆ ಹಳೆಯ ಸಂಚಿಕೆಯಲ್ಲಿ ಅದೇ ಮನೆಯ ನಂಬರ್ ಹುಡುಕುವುದು, ನಾಲ್ಕು ವಾರ ಕಳೆದ ಕೋಣೆಯ ಜಾಹೀರಾತನ್ನು ತೆಗೆದುಹಾಕುವುದು, ಒಂದೇ ಡಬ್ಬಿಯೂಟದವರು ಎರಡು ಹೆಸರಿನಲ್ಲಿ ಹಾಕಿದರೆ ಪತ್ತೆ ಹಚ್ಚಿ ಗದರುವುದು. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ‘ಮೂರು ಜನಕ್ಕೆ ಒಂದು ರೂಮು, ಅದಕ್ಕೆ ಸ್ಪೇಷಿಯಸ್ ಅಂತ ಬೇರೆ ಬರೀತಾನೆ’ ಎಂದು ಯಾರಿಗೋ ಬೈಯುತ್ತಲೇ ಆ ಪದವನ್ನು ಹೊಡೆದು ಹಾಕುತ್ತಿದ್ದರು. ನಾನು ಒಂದೊಂದನ್ನೂ ಬರೆದುಕೊಂಡು, ಪಕ್ಕದಲ್ಲಿ ಯಾವ ಹುಕ್ ಎಂದು ಗುರುತು ಹಾಕುತ್ತಿದ್ದೆ. ನಂಬರ್ ಸರಿಪಡಿಸಲು ಸೇವ್ ಆಗುವ ಮುನ್ನ. ಹೊಸ ಪ್ರಕಟಣೆಯನ್ನು ಕೂಡಲೇ ಓದುಗರಿಗೆಲ್ಲ ಇಮೇಲಿನಲ್ಲಿ ಕಳಿಸಲು ಸೇವ್ ಆದ ಮೇಲೆ. ಹಳತನ್ನು ತೆಗೆಯಲು ದಿನಕ್ಕೊಮ್ಮೆ.

ಮಧ್ಯಾಹ್ನ ಅವರ ಡಬ್ಬಿ ತೆರೆದರೆ ಕೋಣೆಯೆಲ್ಲ ಪುದೀನದ ವಾಸನೆ. ನಾನು ಮಾಂಸ ತಿನ್ನುವುದಿಲ್ಲವೆಂದು ಗೊತ್ತಾದ ಮುಂದಿನ ವಾರದಿಂದ ನನಗೇ ಒಂದು ಬೇರೆ ಡಬ್ಬಿ ಬರತೊಡಗಿತು. ಬದನೆಕಾಯಿ ಪಲ್ಯ, ಖಾರ ಹೆಚ್ಚು. ತಿನ್ನುವಾಗ ನಮ್ಮ ಕಂಪನಿಯ ಸುದ್ದಿ, ವೀಸಾದ ಚಿಂತೆ ಎಲ್ಲ ಹೇಳಿಕೊಂಡಿದ್ದೇನೆ. ಆ ತುತ್ತುಗಳು ಗಂಟಲಲ್ಲಿ ಹೇಗೆ ಇಳಿಯುತ್ತಿದ್ದವೆಂದು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಅವರ ಅನ್ನ ತಿಂದು ಅವರ ಕೆಲಸಕ್ಕೇ ಕತ್ತರಿ ಮಸೆಯುತ್ತಿದ್ದೆ.

ನಿಧನ ವಾರ್ತೆಗೆ ಅವರದೊಂದು ನಿಯಮವಿತ್ತು. ಪ್ರಕಟಿಸುವ ಮುನ್ನ ಆ ಮನೆಗೆ ಒಂದು ಫೋನ್. ಯಾಕೆಂದು ಕೇಳಿದ್ದಕ್ಕೆ, ಒಮ್ಮೆ ಯಾರೋ ಬದುಕಿದ್ದವರ ಹೆಸರಿನಲ್ಲಿ ತಮಾಷೆಗೆ ವಾರ್ತೆ ಕಳಿಸಿದ್ದರು, ಅಂದಿನಿಂದ ಕೇಳದೆ ಹಾಕುವುದಿಲ್ಲ ಎಂದರು. ಸರಿ, ಇದು ದೃಢೀಕರಣ ಎಂದು ನಾನು ಬರೆದುಕೊಂಡೆ. ಫೋನಿನ ಬದಲು, ವಾರ್ತೆ ಕಳಿಸಿದವರಿಗೆ ಇಮೇಲಿನಲ್ಲಿ ಒಂದು ಲಿಂಕ್ ಹೋಗುತ್ತದೆ, ಅವರು ಒತ್ತಿದರೆ ಸಾಕು. ಆಂಟಿಯ ಆ ಫೋನುಗಳು ದೀರ್ಘವಾಗಿರುತ್ತಿದ್ದವು, ಕನ್ನಡ, ಉರ್ದು, ಹಿಂದಿ, ಇಂಗ್ಲಿಷ್ ಎಲ್ಲ ಬೆರೆತಿರುತ್ತಿದ್ದವು. ಸಾವಿನ ಮನೆಯವರ ಜೊತೆಗಿನ ಸ್ವಂತ ಮಾತು, ಕೇಳಿಸಿಕೊಳ್ಳುವುದು ಸಭ್ಯತೆಯಲ್ಲ ಎಂದುಕೊಂಡು ನಾನು ಆ ಹೊತ್ತಿಗೆ ಎದ್ದು ರೇಡಿಯೇಟರಿನ ಹತ್ತಿರ ಕೈ ಕಾಯಿಸಿಕೊಳ್ಳುತ್ತಿದ್ದೆ. ಸಭ್ಯತೆ ಎನ್ನುವುದು ನೆಪ. ನಿಜ ಹೇಳಬೇಕೆಂದರೆ ನನಗೆ ಬೇಸರವಾಗುತ್ತಿತ್ತು.

ಮೊದಲ ಪೆಟ್ಟು ಬಿದ್ದದ್ದು ಫೆಬ್ರವರಿಯಲ್ಲಿ. ಫೋಟೋ ದೊಡ್ಡದಿದ್ದರೆ ಚಿಕ್ಕದು ಮಾಡುವ ಕೋಡನ್ನು ‘ಸೇವ್ ಆದ ಮೇಲೆ’ ಎಂಬ ಹುಕ್ಕಿಗೆ ಕಟ್ಟಿದ್ದೆ. ಚಿಕ್ಕದು ಮಾಡಿ ಅದೇ ಪುಟವನ್ನು ಮತ್ತೆ ಸೇವ್ ಮಾಡುತ್ತಿದ್ದೆ. ಸೇವ್ ಆದೊಡನೆ ಸಿಸ್ಟಂ ಮತ್ತೆ ಕೂಗಿತು, ನನ್ನ ಕೋಡು ಮತ್ತೆ ಎದ್ದಿತು, ಮತ್ತೆ ಸೇವ್. ಸರ್ವರ್ ಸುತ್ತಿ ಸುತ್ತಿ ಸುಸ್ತಾಗಿ ಮಲಗಿತು. ಆ ಕೆಲಸವನ್ನು ‘ಸೇವ್ ಆಗುವ ಮುನ್ನ’ ಎಂಬಲ್ಲಿಗೆ ಸರಿಸಿದ ಮೇಲೆ ಎದ್ದು ಕುಳಿತಿತು. ಇದು ಪ್ರತಿ ಪ್ರೋಗ್ರಾಮರೂ ಜೀವನದಲ್ಲಿ ಒಮ್ಮೆ ಮಾಡುವ ತಪ್ಪು, ಅದಕ್ಕೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

ಎರಡನೆಯದು ಮಾತ್ರ ಬೇರೆ ಯಾವ ಆಫೀಸಿನಲ್ಲೂ ಆಗಲಿಕ್ಕಿಲ್ಲ. ಒಂದು ಗುರುವಾರ ಬೆಳಿಗ್ಗೆ ಫೋನುಗಳ ಸುರಿಮಳೆ. ನಮ್ಮ ಪಟ್ಟಿಯಲ್ಲಿದ್ದ ಓದುಗರೆಲ್ಲರಿಗೂ ಒಂದು ಇಮೇಲ್ ಹೋಗಿತ್ತು. ಅದರಲ್ಲಿ ಇದ್ದದ್ದು 786 ಎಂಬ ಸಂಖ್ಯೆ ಮಾತ್ರ. ಒಬ್ಬ ಅಂಗಡಿಯವರು ಇದು ಯಾವ ಡಿಸ್ಕೌಂಟಿನ ಕೋಡ್ ಎಂದು ಕೇಳಿದರು. ಜರ್ಸಿ ಸಿಟಿಯಿಂದ ಒಬ್ಬ ಹಿರಿಯರು ಫೋನ್ ಮಾಡಿ ಬೆಳಿಗ್ಗೆ ಎದ್ದು ಇದನ್ನೇ ಮೊದಲು ನೋಡಿದೆ, ಬಹಳ ಸಂತೋಷವಾಯಿತು, ದಿನಾ ಕಳಿಸಿ ಎಂದರು. ನಾನು ದಾಖಲೆ ತೆಗೆದು ನೋಡಿದರೆ ಆಂಟಿ ಆ ದಿನ ಸೇರಿಸಿದ ಮೊದಲ ಪ್ರಕಟಣೆಯ ಮೊದಲ ಪ್ರತಿ ಹಾಗೆಯೇ ಇತ್ತು. ದೇವರ ಹೆಸರಿನಲ್ಲಿ ಶುರುಮಾಡುತ್ತೇನೆ ಎನ್ನುವುದಕ್ಕೆ ಅವರ ಮನೆಯಲ್ಲಿ ಬರೆಯುವ ಸಂಖ್ಯೆ ಅದು. ದಿನದ ಮೊದಲ ಪುಟ ತೆರೆದು, ಅದನ್ನು ಬರೆದು, ಒಮ್ಮೆ ಸೇವ್ ಮಾಡಿ, ಚಹಾ ಒಂದು ಗುಟುಕು ಕುಡಿದು, ಆಮೇಲೆ ಅದನ್ನು ಅಳಿಸಿ ಕೆಲಸ ಶುರು. ನಮ್ಮಪ್ಪ ದಾವಣಗೆರೆಯಲ್ಲಿ ಕಿರಾಣಿ ಚೀಟಿಯ ತಲೆಯ ಮೇಲೂ ಶ್ರೀ ಬರೆಯುತ್ತಿದ್ದರು. ನನಗೆ ಇದು ಹೊಳೆಯಬೇಕಿತ್ತು. ಸೇವ್ ಆದ ಕೂಡಲೇ ಇಮೇಲ್ ಕಳಿಸು ಎಂದು ನಾನೇ ಬರೆದಿದ್ದೆನಲ್ಲ, ಕೋಡು ನಂಬಿಕೆಯಿಂದ ಕಳಿಸಿತ್ತು.

ಆಂಟಿ ಮುಖ ಚಿಕ್ಕದು ಮಾಡಿಕೊಂಡು ಇನ್ನು ಬರೆಯುವುದಿಲ್ಲ ಎಂದರು. ಬೇಡ, ಬರೆಯಿರಿ, ತಪ್ಪು ನನ್ನದು ಎಂದು ನಾನು ಇಮೇಲಿನ ಕೋಡನ್ನು ‘ಪ್ರಕಟವಾದ ಮೇಲೆ’ ಎಂಬ ಹುಕ್ಕಿಗೆ ಬದಲಾಯಿಸಿದೆ. ಸೇವ್ ಬೇರೆ, ಪ್ರಕಟ ಬೇರೆ. ಒಂದು ನಮ್ಮೊಳಗಿನದು, ಇನ್ನೊಂದು ಊರಿಗೆ ಹೇಳಿದ್ದು. ಈ ವ್ಯತ್ಯಾಸ ತಿಳಿದುಕೊಂಡೆನೆಂದು ನಾನು ಬೀಗಿದೆ. ಅರ್ಧ ಮಾತ್ರ ತಿಳಿದಿತ್ತು.

ಮಾರ್ಚ್ ಎರಡನೆಯ ವಾರ ಆಂಟಿ ರಜೆ ಹಾಕಿ ಹಿಕ್ಸ್‌ವಿಲ್‌ನಲ್ಲಿದ್ದ ಮಗಳ ಮನೆಗೆ ಹೋದರು. ಯಜಮಾನರು ಅದೇ ವಾರವನ್ನು ಪರೀಕ್ಷೆಗೆ ಆರಿಸಿಕೊಂಡರು. ಇವರಿಲ್ಲದೆ ಒಂದು ವಾರ ಸರಾಗವಾಗಿ ನಡೆದರೆ ತಿಂಗಳ ಕೊನೆಗೆ ಹೇಗಾದರೂ ಅವರಿಗೆ ಹೇಳಿಬಿಡುವುದು ಎಂದು. ನಾನು ಐದು ದಿನವೂ ಅಲ್ಲೇ ಇರಬೇಕು, ಆದರೆ ಯಾವುದಕ್ಕೂ ಕೈ ಹಾಕಬಾರದು.

ಸೋಮ, ಮಂಗಳ, ಬುಧ ಹೂವೆತ್ತಿದ ಹಾಗೆ ನಡೆಯಿತು. ನಂಬರುಗಳು ತಾವೇ ಸರಿಹೋದವು, ಹಳೆಯವು ತಾವೇ ಇಳಿದವು. ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮೊದಲ ನಿಧನ ವಾರ್ತೆ ಬಂತು. ಈಸ್ಟ್ ಬ್ರನ್ಸ್‌ವಿಕ್‌ನ ಒಬ್ಬ ಹಿರಿಯರು, ಬೆಂಗಳೂರಿನ ಕಡೆಯವರು. ಮಗ ಫಾರ್ಮ್ ತುಂಬಿದ್ದ. ಫೋಟೋ ಅಳತೆಗೆ ಬಂತು, ದೃಢೀಕರಣದ ಲಿಂಕ್ ಹೋಯಿತು, ಮಗ ಒತ್ತಿದ, ವಾರ್ತೆ ಪ್ರಕಟವಾಯಿತು, ಓದುಗರಿಗೆಲ್ಲ ಇಮೇಲ್ ಹೋಯಿತು. ಎಲ್ಲ ಸೇರಿ ನಾಲ್ಕು ನಿಮಿಷ. ಒಂದು ಸಾವನ್ನು ನೋಡುತ್ತ ನಾನು ಗಡಿಯಾರ ನೋಡಿ ಹಿಗ್ಗಿದೆ ಎಂದು ಬರೆಯಲು ಕಷ್ಟವಾಗುತ್ತದೆ, ಆದರೆ ಹಿಗ್ಗಿದ್ದು ಹೌದು. ಬಾಸ್‌ಗೆ ಫೋನ್ ಮಾಡಿ ಹೇಳಿದೆ. ಯಜಮಾನರು ಭಾರೀ ಚೊಕ್ಕ ಆಯಿತು ಎಂದು ತಮ್ಮ ಹೋಟೆಲಿನಿಂದ ಗೋಳಿಬಜೆ ತರಿಸಿದರು.

ಮಧ್ಯಾಹ್ನ ಎರಡರ ಹೊತ್ತಿಗೆ ಆಂಟಿಯ ಮೇಜಿನ ಫೋನ್ ಬಡಿದುಕೊಂಡಿತು. ಬೇರೆ ಯಾರೂ ಇರಲಿಲ್ಲ, ನಾನೇ ಎತ್ತಿದೆ. ಬೆಳಿಗ್ಗೆ ವಾರ್ತೆ ಕಳಿಸಿದ ಮಗ. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಿತ್ತು.

“ನಮ್ಮಮ್ಮ ಹಾರ್ಟ್ ಸರ್ಜರಿ ಆಗಿ ಆಸ್ಪತ್ರೇಲಿದ್ದಾರೆ. ಅವರಿಗೆ ಇನ್ನೂ ಹೇಳಿರ್ಲಿಲ್ಲ. ಸಂಡೇ ನಾವು ಮಕ್ಕಳೆಲ್ಲ ಹೋಗಿ, ಡಾಕ್ಟರ್ ಇರೋವಾಗ ಹೇಳೋಣ ಅಂತಿದ್ವಿ. ಪೇಪರ್ ವೀಕೆಂಡ್ ತಾನೇ ಮನೆಗೆ ಬರೋದು, ಅಂದ್ಕೊಂಡೆ. ನಿಮ್ಮ ಇಮೇಲ್ ನೋಡಿ ಯಾರೋ ಪರಿಚಯದೋರು ಅಮ್ಮನ ರೂಮಿಗೇ ಫೋನ್ ಮಾಡಿ ಸಮಾಧಾನ ಹೇಳಿದ್ದಾರೆ.” ಕೊನೆಗೆ ಇಷ್ಟು ಹೇಳಿದ. “ನಮ್ಮಮ್ಮಂಗೆ ಅದನ್ನ ನಾವು ಹೇಳ್ಬೇಕಿತ್ತು.”

ನಾನು ಕ್ಷಮೆ ಕೇಳಿದೆ. ಲಿಂಕ್ ಒತ್ತಿದ್ದು ನೀವೇ ಅಲ್ಲವೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಪುಣ್ಯಕ್ಕೆ ನುಂಗಿಕೊಂಡೆ. ವಾರ್ತೆಯನ್ನು ಸೈಟಿನಿಂದ ಇಳಿಸಿದೆ. ಇಳಿಸಿ ಏನು ಬಂತು? ಪ್ರಕಟವಾದದ್ದನ್ನು ಹಿಂದಕ್ಕೆ ಕರೆಯುವ ಹುಕ್ ಯಾವ ಸಿಸ್ಟಂನಲ್ಲೂ ಇಲ್ಲ. ಕೋಡನ್ನು ಸಾಲು ಸಾಲಾಗಿ ಓದಿದೆ. ಒಂದೂ ತಪ್ಪಿರಲಿಲ್ಲ. ಅದನ್ನು ಕಂಡು ಇನ್ನಷ್ಟು ಭಯವಾಯಿತು.

ಯಜಮಾನರು ವಿಷಯ ಕೇಳಿದವರೇ ಕೋಟು ಹಾಕಿಕೊಂಡು ಆಸ್ಪತ್ರೆಗೆ ಹೋದರು. ಪರೀಕ್ಷೆ ಅಲ್ಲಿಗೇ ನಿಂತಿತು, ನಾನು ಶುಕ್ರವಾರ ಸಮರ್‌ಸೆಟ್‌ಗೆ ಹೋಗಿ ಬಾಸ್ ಮುಂದೆ ಕುಳಿತೆ. ಬಾಸ್ ಶಾಂತವಾಗಿ ಎರಡು ಉಪಾಯ ಹೇಳಿದರು. ಒಂದು, ನಿಧನ ವಾರ್ತೆಯನ್ನು ಒಂದು ದಿನ ತಡೆದು ಪ್ರಕಟಿಸುವುದು. ಎರಡು, ಫಾರ್ಮಿನಲ್ಲಿ ಇನ್ನೊಂದು ಚೌಕ: ಮನೆಯವರಿಗೆಲ್ಲ ವಿಷಯ ತಿಳಿಸಲಾಗಿದೆ, ಹೌದಾದರೆ ಟಿಕ್ ಹಾಕಿ. ಒಂದು ಗಂಟೆಯ ಕೆಲಸ. ನಾನು ಶನಿವಾರ ಕುಳಿತು ಚೌಕವನ್ನು ಮಾಡಿಯೂ ಬಿಟ್ಟೆ.

ಸೋಮವಾರ ಆಂಟಿ ವಾಪಸು ಬಂದರು. ನಡೆದದ್ದನ್ನು ಹೇಳಿ, ನೀವಿದ್ದಿದ್ದರೆ ಆ ಮನೆಗೆ ಫೋನ್ ಮಾಡಿ ಏನು ಕೇಳುತ್ತಿದ್ದಿರಿ ಎಂದೆ. ಅವರು ಬೆರಳು ಮಡಚುತ್ತ ಹೇಳಿದರು. ಮೊದಲು ಊಟ ಮಾಡಿದಿರಾ ಎಂದು. ಆಮೇಲೆ ಹೆಸರು, ಪ್ರಾರ್ಥನೆಯ ಜಾಗ, ಹೊತ್ತು. ಆಮೇಲೆ, ಇನ್ನೂ ಯಾರಿಗಾದರೂ ತಿಳಿಸದೆ ಇದ್ದೀರಾ ಎಂದು.

“ಪ್ರತಿ ಮನೇಲೂ ಒಬ್ರು ಇರ್ತಾರಮ್ಮಾ, ಹೇಳದೆ ಇಟ್ಟಿರೋರು. ಬಸುರಿ ಮಗಳೋ, ಬಿಪಿ ಇರೋ ತಂಗಿಯೋ, ಊರಲ್ಲಿರೋ ತಾಯಿಯೋ. ಸೀರಿಯಸ್ ಇದೆ ಬಾ ಅಂತಾನೇ ಹೇಳಿರ್ತಾರೆ. ನಮ್ಮಬ್ಬಾ ತೀರ್ಕೊಂಡಾಗ ನಂಗೂ ಹಾಗೇ ಹೇಳಿ ಕರೆಸ್ಕೊಂಡ್ರು. ಮನೆ ಬಾಗಿಲಲ್ಲಿ ಚಪ್ಪಲಿ ರಾಶಿ ನೋಡಿದಾಗ್ಲೇ ನಂಗೆ ಗೊತ್ತಾಗಿದ್ದು. ಅದಕ್ಕೇ ಕೇಳ್ತೀನಿ. ಇದ್ದಾರೆ ಅಂದ್ರೆ, ಹೇಳಾದ್ಮೇಲೆ ಫೋನ್ ಮಾಡಿ, ಅಲ್ಲೀವರ್ಗೂ ಹಾಕಲ್ಲ ಅಂತೀನಿ.”

ಇದನ್ನು ನನಗೆ ಹೇಳಿಯೇ ಇರಲಿಲ್ಲವಲ್ಲ ಎಂದೆ. ಅವರಿಗೆ ನಿಜವಾಗಿ ಆಶ್ಚರ್ಯವಾಯಿತು. ನೀನು ಕೆಲಸದ ವಿಷಯ ಕೇಳಿದೆ, ಇದೆಲ್ಲ ಕೆಲಸವೇ? ಸಾವಿನ ಮನೆಯವರನ್ನು ಮಾತಾಡಿಸುವ ರೀತಿ ತಾನೇ ಎಂದರು. ನಾನು ಇಷ್ಟು ಗುರುವಾರ ಅವರಿಂದ ಮೂರಡಿ ದೂರದಲ್ಲಿದ್ದೆ. ಪ್ರತಿ ಫೋನಿನಲ್ಲೂ ಆ ಪ್ರಶ್ನೆ ನನ್ನ ಕಿವಿಗೆ ಬಿದ್ದಿರಬೇಕು. ಬೇಸರ ಪಟ್ಟುಕೊಂಡು ರೇಡಿಯೇಟರಿನ ಹತ್ತಿರ ನಿಂತಿದ್ದವಳು ನಾನೇ.

ಆ ಮಧ್ಯಾಹ್ನ ಶನಿವಾರ ಮಾಡಿದ ಚೌಕವನ್ನು ಕಿತ್ತು ಹಾಕಿದೆ. ತಂದೆ ತೀರಿಕೊಂಡ ದಿನ ಫಾರ್ಮ್ ತುಂಬುವ ಮಗ ಓದಿ ಟಿಕ್ ಹಾಕುತ್ತಾನೆಯೇ? ಅವನು ಲಿಂಕನ್ನೂ ಓದದೆ ಒತ್ತಿದ್ದ. ನಾನಾದರೂ ಹಾಗೇ ಒತ್ತುತ್ತಿದ್ದೆ. ಇನ್ನು ಒಂದು ದಿನದ ತಡೆ; ಗುರುವಾರದ ವಾರ್ತೆ ಶುಕ್ರವಾರ ಹೋಗುತ್ತಿತ್ತು, ಆ ತಾಯಿಗೆ ಹೇಳಬೇಕೆಂದಿದ್ದದ್ದು ಭಾನುವಾರ. ಎಷ್ಟು ದಿನ ತಡೆದರೂ ಒಂದೊಂದು ಮನೆಗೆ ಒಂದೊಂದು ಲೆಕ್ಕ.

ನಾನು ಬರೆದದ್ದು ಬಹಳ ಸಣ್ಣ ಕೋಡು. ಅದನ್ನು ‘ಪ್ರಕಟವಾಗುವ ಮುನ್ನ’ ಎಂಬ ಹುಕ್ಕಿಗೆ ಕಟ್ಟಿದೆ. ಅಲ್ಲಿಯವರೆಗೆ ನಾನು ಆ ಹುಕ್ಕನ್ನು ಬಳಸಿಯೇ ಇರಲಿಲ್ಲ. ಅದರ ವಿಶೇಷವೆಂದರೆ ಅಲ್ಲಿ ಬೇಡ ಎನ್ನಬಹುದು. ನಮ್ಮ ಕೋಡು ಇಲ್ಲ ಎಂದು ಉತ್ತರ ಕೊಟ್ಟರೆ ಸಿಸ್ಟಂ ಪ್ರಕಟಿಸದೆ ನಿಲ್ಲುತ್ತದೆ. ಕೋಣೆ, ಟ್ಯೂಷನ್, ಡಬ್ಬಿಯೂಟ, ಇವೆಲ್ಲ ಮೊದಲಿನ ಹಾಗೆ ತಾವಾಗಿ ಹೋಗಲಿ. ನಿಧನ ವಾರ್ತೆಯಾದರೆ, 'ಫೋನ್ ಆಗಿದೆ, ಎಲ್ಲರಿಗೂ ತಿಳಿದಿದೆ' ಎಂಬ ಗುರುತು ಬಿದ್ದಿದೆಯೇ ಎಂದು ನೋಡು. ಬಿದ್ದಿಲ್ಲವಾದರೆ ಇಲ್ಲ ಎನ್ನು, ಮತ್ತೆ ಆಂಟಿಯ ಮೊಬೈಲಿಗೆ ಒಂದು ಮೆಸೇಜ್ ಕಳಿಸು. ಆ ಗುರುತು ಹಾಕುವ ಬಟನ್ ಆಂಟಿಯ ಲಾಗಿನ್ ಬಿಟ್ಟರೆ ಬೇರೆ ಯಾರಿಗೂ ಕಾಣಿಸದ ಹಾಗೆ ಮಾಡಿದೆ.

ಬಾಸ್ ಫೋನಿನಲ್ಲಿ ತಲೆ ಚಚ್ಚಿಕೊಂಡರು. ಕೆಲಸ ತಾನಾಗಿ ನಡೆಯಲಿ ಎಂದು ಗಿರಾಕಿ ಕೇಳಿದ್ದು, ನೀನು ಒಬ್ಬ ವ್ಯಕ್ತಿಯನ್ನೇ ಕೋಡಿನೊಳಗೆ ಕೂರಿಸಿದ್ದೀಯಲ್ಲ, ನಾಳೆ ಅವರಿಗೆ ಜ್ವರ ಬಂದರೆ ಎಂದರು. ವಾರ್ತೆ ಕಾಯುತ್ತದೆ, ಕಾದರೆ ಯಾರಿಗೂ ನಷ್ಟವಿಲ್ಲ ಎಂದೆ. ಗಿರಾಕಿ ಒಪ್ಪದಿದ್ದರೆ ಆ ಮಾತಿಗೆ ನೀನೇ ಹೊಣೆ ಎಂದರು. ಹೊಣೆ ಎಂದರೇನು ಎಂಬುದು ನಮ್ಮ ಆಫೀಸಿನ ಎರಡು ಖಾಲಿ ಮೇಜು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊದಲ ಸಲ ಹೂಂ ಅನ್ನದೆ ಫೋನಿಟ್ಟೆ.

ಯಜಮಾನರಿಗೆ ಸೀರೆ ಅಂಗಡಿಯ ಮುಂದೆ ನಿಂತು ಎಲ್ಲ ವಿವರಿಸಿದೆ. ನಿಧನ ವಾರ್ತೆ ತಾನಾಗಿ ಹೋಗುವುದಿಲ್ಲ, ಅದಕ್ಕೆ ಆಂಟಿ ಬೇಕು, ನೀವು ಬೇಡವೆಂದರೆ ಆ ವಿಭಾಗವನ್ನು ಸೈಟಿನಿಂದಲೇ ತೆಗೆಯಬೇಕಾಗುತ್ತದೆ ಎಂದೆ. ಅವರು ರಸ್ತೆಯ ಕಡೆ ತಿರುಗಿದರು. ಕ್ಯೂ-ಫೋರ್ಟಿ ತ್ರೀ ಬಸ್ಸು ಬಂದು ಹೋಯಿತು.

“ಅವತ್ತು ಆಸ್ಪತ್ರೆಗೆ ಹೋದ್ನಲ್ಲ. ಆ ಅಮ್ಮ ನಂಗೆ ಬೈಲಿಲ್ಲ ಮಾರಾಯ್ತಿ. ನಿಮ್ಮ ಪೇಪರಿನವರಿಗೆ ನನ್ಕಿಂತ ಮೊದ್ಲು ಗೊತ್ತಾಯ್ತಲ್ಲ ಅಂತ ಕೇಳಿದ್ರು ಅಷ್ಟೇ.” ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡರು. “ನಿಮ್ಮ ಆಂಟಿ ಇರ್ಲಿ. ವಾರಕ್ಕೆ ಐದು ದಿನ ಆಗುದಿಲ್ಲ, ಮೂರು ದಿನಕ್ಕೆ ಮಾಡುವ. ನೀವೇ ಹೇಳಿ, ನಂಗೆ ಹೇಳ್ಲಿಕ್ಕೆ ಬಾಯಿ ಬರುದಿಲ್ಲ.”

ಮೆಟ್ಟಿಲು ಹತ್ತಿ ಮೇಲೆ ಹೋದಾಗ ನನ್ನ ಉಸಿರು ಕಟ್ಟಿತ್ತು, ಆದರೆ ಆಂಟಿ ಆ ದಿನ ಪ್ರಶ್ನೆ ಕೇಳಲಿಲ್ಲ. ನಾನು ನಿಂತೇ ಎಲ್ಲ ಹೇಳಿದೆ. ಮೂರು ದಿನದ ಮಾತು, ಹೊಸ ಬಟನ್, ಅವರ ಮೊಬೈಲಿಗೆ ಬರುವ ಮೆಸೇಜ್. ಅವರು ಸಮಾಧಾನದಿಂದ ಕೇಳಿಸಿಕೊಂಡು, ಮೂರು ದಿನವಾದರೆ ಒಳ್ಳೆಯದೇ ಆಯಿತು, ಮಂಡಿ ನೋವು ಎಂದರು. ಅಲ್ಲಿಗೆ ಮುಗಿಸಿಬಿಡಬಹುದಿತ್ತು. ನನಗೆ ಆಗಲಿಲ್ಲ.

“ಆಂಟಿ, ನಾನು ಇಲ್ಲಿಗೆ ನಿಜವಾಗ್ಲೂ ಯಾಕೆ ಬಂದಿದ್ದು ಅಂತ ನಿಮಗೆ ಹೇಳಿರ್ಲಿಲ್ಲ.”

“ನೀನು ನನ್ನ ಕೆಲಸ ಮಿಷನ್‌ಗೆ ಕಲಿಸೋಕೆ ಬಂದಿದ್ದೆ” ಎಂದರು ಆಂಟಿ. ಕನ್ನಡಕ ತೆಗೆದು ದುಪಟ್ಟಾದ ಅಂಚಿನಲ್ಲಿ ಒರೆಸುತ್ತಿದ್ದರು. “ಮೊದಲನೇ ದಿನಾನೇ ಗೊತ್ತಿತ್ತು. ಪಕ್ಕದಲ್ಲಿ ಒಬ್ರನ್ನ ಕೂರಿಸಿ, ನೀವು ಮಾಡೋದನ್ನೆಲ್ಲ ಇವರು ಬರ್ಕೋತಾರೆ ಅಂದ್ರೆ ಇನ್ನೇನಮ್ಮಾ?”

ಗೊತ್ತಿದ್ದೂ ಯಾಕೆ ಒಂದನ್ನೂ ಮುಚ್ಚಿಡದೆ ಹೇಳಿಕೊಟ್ಟಿರಿ ಎಂದು ಕೇಳಿದೆ.

“ನನ್ನ ಕೆಲಸ ಹೋದ್ರೆ ನಾನು ಮಗಳ ಮನೆಗೆ ಹೋಗಿ ಇರ್ತೀನಿ. ನಿನ್ನ ಕೆಲಸ ಹೋದ್ರೆ ನೀನು ಈ ದೇಶಾನೇ ಬಿಟ್ಟು ಹೋಗ್ಬೇಕು. ಅದಕ್ಕೇ ಸರಿಯಾಗಿ ಕಲಿಸ್ದೆ. ಅರ್ಧಂಬರ್ಧ ಹೇಳಿಕೊಟ್ಟು, ಅದು ಕೆಟ್ಟು, ನಿಂಗೆ ಕೆಟ್ಟ ಹೆಸರು ಬಂದ್ರೆ?”

ನಾನು ಅವರ ಪಕ್ಕದ ಮಡಚುವ ಕುರ್ಚಿಯಲ್ಲಿ ಕುಳಿತು ಅತ್ತೆ. ಅವರು ಅಳಬೇಡ ಎನ್ನಲಿಲ್ಲ. ಬೆನ್ನ ಮೇಲೆ ಒಂದು ಕೈ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಆ ದಿನದ ಕಾಗದಗಳನ್ನು ಸರಿಪಡಿಸುತ್ತ ಕುಳಿತರು. ಅಷ್ಟೂ ಗುರುವಾರ ಅವರು ತಿಳಿದೂ ತಿಳಿದೂ ತಮ್ಮ ಕೆಲಸವನ್ನೇ ನನ್ನ ಕೈಗೆ ಎತ್ತಿಕೊಡುತ್ತಿದ್ದರು. ನಾನು ಅದನ್ನು ನೋಟ್ಸ್ ಎಂದು ಬರೆದುಕೊಳ್ಳುತ್ತಿದ್ದೆ.